ಜೂನ್ 1 ಮತ್ತು ಸೀಗಿಹುಣ್ಣಿಮೆ



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಶಾಲೆಗಳಲ್ಲಿ ಓದಿದ ನಿಮ್ಮಲ್ಲಿ ಅನೇಕರ ಜನ್ಮದಿನ ಜೂನ್ 1. ನಿಜವಾಗಿ ಅಂದು ಹುಟ್ಟಿದವರು ವಿರಳ; ಅಂದು ಶಾಲೆ ಪ್ರಾರಂಭವಾಗುತ್ತಿತ್ತು, ಅಷ್ಟೆ. ಹಳ್ಳಿಯ ತಾಯಂದಿರಿಗೆ ತಾರೀಖು ತಿಳಿಯದಿದ್ದುದರಿಂದ ಹೀಗಾಯಿತೆಂದು ಹೇಳುವುದು ರೂಢಿ. ಈ ಮಾತನ್ನು ನಾನು ಒಪ್ಪುವುದಿಲ್ಲ. ‘ಎಪ್ಪತ್ತೆರಡರ ಬರದಾಗ, ಸೀಗಿಹುಣ್ಣಿಮಿ ಆಗಿ ಮೂರನೇ ದಿನ’ ಎಂದು ತಾಯಿ ಹೇಳಿದರೆ ಅದು 1972ರ ಅಕ್ಟೋಬರ್ 25. ಹಳೆಯ ಪಂಚಾಂಗವೊಂದಿದ್ದರೆ ಐದು ನಿಮಿಷದ ಲೆಕ್ಕ. ಆಕೆ ಹೇಳಿದ್ದು ತಾರೀಖೇ. ಅದನ್ನು ಬರೆಯಲು ದಾಖಲಾತಿ ಪುಸ್ತಕದಲ್ಲಿ ಅಂಕಣವಿರಲಿಲ್ಲ.

ಹೀಗೆ ಹುಣ್ಣಿಮೆ ಅಮಾವಾಸ್ಯೆ ಹಿಡಿದು ದಿನ ಎಣಿಸುವುದು ಹಿಂದುಳಿದವರ ಲಕ್ಷಣವೆಂದು ಭಾವಿಸುವವರು ಯಹೂದ್ಯರ ಪಂಚಾಂಗವನ್ನೊಮ್ಮೆ ನೋಡಬೇಕು. ಅವರ ತಿಂಗಳೂ ಚಂದ್ರನದೇ. 29 ಅಥವಾ 30 ದಿನ. ಹನ್ನೆರಡು ತಿಂಗಳಿಗೆ ಸುಮಾರು 354 ದಿನವಾಗುವುದರಿಂದ, ಋತು ತಪ್ಪದಿರಲೆಂದು 19 ವರ್ಷಗಳಲ್ಲಿ ಏಳು ಸಲ ಅಧಿಕಮಾಸ. ನಮ್ಮ ಅಧಿಕಮಾಸ ಒಮ್ಮೆ ಶ್ರಾವಣಕ್ಕೆ, ಒಮ್ಮೆ ಜ್ಯೇಷ್ಠಕ್ಕೆ ಬಂದರೆ, ಅವರದು ಸದಾ ಅದಾರ್ ತಿಂಗಳಿಗೇ. ಅದಾರ್ ಫೆಬ್ರುವರಿ-ಮಾರ್ಚ್‌ನಲ್ಲಿ, ನಮ್ಮ ಹೋಳಿಯ ಆಸುಪಾಸು ಬರುತ್ತದೆ. ಅದರ ಮುಂದಿನದು ನಿಸಾನ್. ಅದರ ಹುಣ್ಣಿಮೆಗೆ ಪಸ್ಕಹಬ್ಬ. ವರ್ಷಾರಂಭ ಮಾತ್ರ ಸೆಪ್ಟೆಂಬರ್-ಅಕ್ಟೋಬರ್‌ನ ತಿಶ್ರಿಯಲ್ಲಿ. 2024ರ ಏಪ್ರಿಲ್ 23ರಂದು ಅವರಿಗೆ ಪಸ್ಕಹಬ್ಬ, ನಮಗೆ ದವನದ ಹುಣ್ಣಿಮೆ. ಪ್ರತಿ ವರ್ಷವೂ ಹೀಗೆ ಕೂಡುವುದಿಲ್ಲ. 2021ರಲ್ಲಿ ಪಸ್ಕ ಹೋಳಿಹುಣ್ಣಿಮೆಗೇ ಬಂದಿತ್ತು.

ಅಧಿಕಮಾಸದ ಕೆಲಸ ನಮ್ಮವರಿಗೆ ಹೊಸದಲ್ಲ. ಪುಷ್ಯ ಬಹುಳ ಬಿದಿಗೆಯ ಗವಿಸಿದ್ಧೇಶ್ವರ ತೇರು 2023ರಲ್ಲಿ ಜನವರಿ 8ಕ್ಕೆ, 2024ರಲ್ಲಿ 27ಕ್ಕೆ, 2025ರಲ್ಲಿ 15ಕ್ಕೆ ಸಾಗಿತು. ನಡುವೆ 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು. ಮೊಹರಂಗೆ ಈ ತಿದ್ದುಪಡಿಯಿಲ್ಲ. ಆದ್ದರಿಂದಲೇ ಅದು ಎಲ್ಲ ಋತುಗಳನ್ನೂ ಸುತ್ತುತ್ತದೆ.

ಇನ್ನು ಮುಖ್ಯ ವಿಷಯ. ಇಸ್ರೇಲಿನ ಗುರುತಿನ ಚೀಟಿಯಲ್ಲಿ ಇಂಗ್ಲಿಷ್ ತಾರೀಖಿನೊಡನೆ ಹೀಬ್ರೂ ತಿಂಗಳಿನ ಜನ್ಮದಿನವೂ ಇರುತ್ತದೆ. ಸಾಮಾನ್ಯ ವರ್ಷದ ಅದಾರ್‌ನಲ್ಲಿ ಹುಟ್ಟಿದ ಹುಡುಗನಿಗೆ ಹದಿಮೂರು ತುಂಬುವುದು ಅಧಿಕಮಾಸದ ವರ್ಷದಲ್ಲಾದರೆ ಎರಡನೆಯ ಅದಾರ್‌ನಲ್ಲೆಂದು ಅವರ ಧರ್ಮಶಾಸ್ತ್ರ ನಿರ್ಣಯಿಸಿದೆ. ಸತ್ತವರ ಸ್ಮರಣೆಯನ್ನೂ ಅದೇ ಪಂಚಾಂಗದಂತೆ ಮಾಡುತ್ತಾರೆ. ಶ್ರಾದ್ಧ ಮಾಡುವ ನಮ್ಮ ಮನೆಗಳಲ್ಲಿಯೂ ಸತ್ತವರ ತಿಥಿ ಮಾತ್ರ ತಪ್ಪುವುದಿಲ್ಲ. ಹುಟ್ಟಿದವರಿಗೆ ಜೂನ್ 1! ಸರಕಾರಿ ನೌಕರಿ ಸೇರಿದವರು ಆ ಪ್ರಕಾರವೇ ಸಾಲುಸಾಲಾಗಿ ಮೇ 31ರಂದು ನಿವೃತ್ತರಾಗುತ್ತಾರೆ.

ನಿಜಾಮರ ಕಾಲದ ಕಾಗದಗಳಲ್ಲಿ ಫಸಲಿ ವರ್ಷವಿತ್ತು, ಅನಂತರ ಇಸವಿ ಬಂದಿತು. ಕಾರಹುಣ್ಣಿಮೆ, ಎಳ್ಳಅಮಾವಾಸ್ಯೆಗಳಿಗೆ ಎರಡರಲ್ಲಿಯೂ ಸ್ಥಳ ದೊರೆಯಲಿಲ್ಲ. ಸರಕಾರಿ ದಾಖಲೆಯನ್ನು ಈಗ ತಿದ್ದಿಸಿರೆಂದು ನಾನು ಹೇಳುತ್ತಿಲ್ಲ. ಆ ಅಲೆದಾಟ ಯಾರಿಗೂ ಬೇಡ. ತಾಯಿ ಇನ್ನೂ ಇದ್ದವರು ಯಾವ ಹುಣ್ಣಿಮೆಯ ಹಿಂದೆಮುಂದೆ ಹುಟ್ಟಿದಿರೆಂದು ಕೇಳಿ, ಅವರಾಡಿದ ಮಾತಿನಲ್ಲಿಯೇ ಬರೆದಿಟ್ಟುಕೊಳ್ಳಿರಿ. ಲೆಕ್ಕ ಮಾಡಲು ಬಾರದಿದ್ದರೆ ನನಗೆ ಬರೆಯಿರಿ; ಹಳೆಯ ಪಂಚಾಂಗಗಳು ನನ್ನಲ್ಲಿವೆ.