ಮನೆಗೇ ಅಂಜುವ ದಿನ ಬಾರದಿರಲಿ



2021ರ ಅಕ್ಟೋಬರ್ ತಿಂಗಳು. ನಾಡೆಲ್ಲ ನವರಾತ್ರಿಯ ಸಡಗರದಲ್ಲಿದ್ದ ಆ ದಿನಗಳಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಗ್ರಾಮದ ಜನ ಮನೆಯೊಳಗೆ ಮಲಗಲು ಹೆದರುತ್ತಿದ್ದರು. ನೆಲದ ಒಳಗಿನಿಂದ ಗುಡುಗಿನಂತಹ ಸದ್ದು, ಅದರ ಬೆನ್ನಿಗೇ ಪಾತ್ರೆಪಡಗಗಳ ಅಲುಗಾಟ. ಅಕ್ಟೋಬರ್ 11ರ ರಾತ್ರಿ ಹತ್ತು ಗಂಟೆಯ ಸುಮಾರಿಗೆ ಸಂಭವಿಸಿದ ಕಂಪನದ ಪ್ರಮಾಣ ರಿಕ್ಟರ್ ಮಾಪಕದಲ್ಲಿ 4.1ರಷ್ಟಿತ್ತು. ಅನೇಕ ಕುಟುಂಬಗಳು ಮನೆಗೆ ಬೀಗ ಹಾಕಿ ಬೀಗರ ಊರುಗಳಿಗೆ ಹೊರಟವು. ಉಳಿದವರು ಮಕ್ಕಳು ಮುದುಕರೊಂದಿಗೆ ಬಯಲಿನಲ್ಲಿ ರಾತ್ರಿ ಕಳೆದರು.

ಆ ಸೀಮೆಯ ವೃದ್ಧ ತಾಯಿಯೊಬ್ಬರು ನಮ್ಮೊಡನೆ ಆಡಿದ ಮಾತು ಇಂದಿಗೂ ಕಿವಿಯಲ್ಲಿದೆ: "ಯಪ್ಪಾ, ಮಳಿಗಿ ಬಿಸಲಿಗಿ ಅಂಜಿ ಮನಿ ಕಟ್ಟಿವಿ. ಈಗ ಮನಿಗೇ ಅಂಜಿ ಬಯಲಾಗ ಮಲಗೋ ಹಂಗ ಆಗ್ಯಾದ." ಓದುಬರಹ ಬಾರದ ಆ ತಾಯಿಯ ಎರಡು ವಾಕ್ಯಗಳಲ್ಲಿ ನಾವು ಈ ತಿಂಗಳು ಹೇಳಬೇಕೆಂದಿರುವ ವಿಷಯವೆಲ್ಲ ಅಡಗಿದೆ. ಆಕೆ ಅಂಜಿದ್ದು ಭೂಮಿಗಲ್ಲ, ಮನೆಗೆ.

ವಿಪತ್ತುಗಳನ್ನು ನೈಸರ್ಗಿಕವೆಂದೂ ಮಾನವನಿರ್ಮಿತವೆಂದೂ ಎರಡು ಬಗೆಯಾಗಿ ವಿಂಗಡಿಸುವುದು ವಾಡಿಕೆ. ಭೂಕಂಪ, ನೆರೆ, ಬರಗಳು ಮೊದಲನೆಯ ಸಾಲಿಗೆ. 1984ರ ಭೋಪಾಲದ ವಿಷಾನಿಲದಂತಹ ದುರಂತಗಳು ಎರಡನೆಯ ಸಾಲಿಗೆ. ಆದರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳನ್ನೊಳಗೊಂಡ ನಮ್ಮ ಈ ಸೀಮೆಯ ಹಿಂದಿನ ಪುಟಗಳನ್ನು ತಿರುವಿದಾಗ ಈ ಎರಡರ ನಡುವಿನ ಗೆರೆ ಅಷ್ಟು ಸ್ಪಷ್ಟವಾಗಿಲ್ಲವೆಂಬುದು ಮನದಟ್ಟಾಗುತ್ತದೆ. ಮಳೆಯನ್ನು ತರಿಸುವುದಾಗಲಿ, ನೆಲದ ನಡುಕವನ್ನು ನಿಲ್ಲಿಸುವುದಾಗಲಿ ನಮ್ಮ ಕೈಯಲ್ಲಿಲ್ಲ, ನಿಜ. ಆದರೆ ಆ ಮಳೆ, ಆ ನಡುಕ ಎಷ್ಟು ಮನೆಗಳ ದೀಪ ಆರಿಸುತ್ತದೆಯೆಂಬುದರಲ್ಲಿ ನಮ್ಮ ಪಾಲು ಸಣ್ಣದಲ್ಲ.

ಗಡಿಕೇಶ್ವಾರದ ಸುದ್ದಿ ಕೇಳಿದಾಗ ಹಿರಿಯರಿಗೆ ತಕ್ಷಣ ನೆನಪಾದ ಹೆಸರು ಕಿಲ್ಲಾರಿ. ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಆ ಊರು ಚಿಂಚೋಳಿಯಿಂದ ನೇರ ಅಂತರದಲ್ಲಿ ಸುಮಾರು ನೂರು ಕಿಲೋಮೀಟರ್ ದೂರದಲ್ಲಿದೆ. 1993ರ ಸೆಪ್ಟೆಂಬರ್ 30ರಂದು ನಸುಕಿನ ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷಗಳಿರುವಾಗ, ಗಣೇಶನನ್ನು ಕಳುಹಿಸಿ ದಣಿದು ಮಲಗಿದ್ದ ಜನರ ಮೇಲೆ ಮನೆಗಳೇ ಕುಸಿದು ಬಿದ್ದವು. ಸುಮಾರು ಹತ್ತು ಸಾವಿರ ಜೀವಗಳು ಹೋದವು. ಆ ನಸುಕಿನಲ್ಲಿ ನಮ್ಮ ಕಲಬುರಗಿ, ಬೀದರ್ ಜಿಲ್ಲೆಗಳಲ್ಲಿಯೂ ಜನ ಎಚ್ಚೆತ್ತು ಬೀದಿಗೆ ಓಡಿ ಬಂದಿದ್ದರು.

ಕಿಲ್ಲಾರಿಯ ಕಂಪನದ ಪ್ರಮಾಣ 6ಕ್ಕಿಂತ ತುಸು ಹೆಚ್ಚು. ಜಪಾನಿನಂತಹ ದೇಶದಲ್ಲಿ ಇಷ್ಟೇ ಪ್ರಮಾಣದ ಕಂಪನಕ್ಕೆ ಬೆರಳೆಣಿಕೆಯ ಸಾವುಗಳೂ ಸಂಭವಿಸದೆ ಹೋಗಬಹುದು. ಹಾಗಾದರೆ ಇಲ್ಲಿ ಹತ್ತು ಸಾವಿರ ಜನರನ್ನು ಕೊಂದದ್ದು ಯಾವುದು? ತಜ್ಞರು ಬಿದ್ದ ಗೋಡೆಗಳನ್ನು ಪರೀಕ್ಷಿಸಿ ಕೊಟ್ಟ ಉತ್ತರ ಸರಳವಾಗಿತ್ತು. ಕೆಸರುಮಣ್ಣಿನಲ್ಲಿ ಗುಂಡುಕಲ್ಲುಗಳನ್ನು ಜೋಡಿಸಿ ಕಟ್ಟಿದ ದಪ್ಪ ಗೋಡೆ. ಒಳಮೈ ಒಂದು ಸಾಲು, ಹೊರಮೈ ಇನ್ನೊಂದು ಸಾಲು. ಎರಡನ್ನೂ ಹಿಡಿದಿಡುವ ಉದ್ದನೆಯ ಅಡ್ಡಗಲ್ಲುಗಳಿಲ್ಲ. ಮೇಲೆ ಮರದ ತೊಲೆ ಹಲಗೆ, ಅದರ ಮೇಲೆ ಮೊಣಕಾಲುದ್ದ ಮಣ್ಣು. ಸೋರುತ್ತದೆಯೆಂದು ವರ್ಷ ವರ್ಷವೂ ಮೇಲುಮುದ್ದೆಗೆ ಹೊಸ ಮಣ್ಣು ಸುರಿಯುವುದು ರೂಢಿ. ಅಜ್ಜನ ಕಾಲದ ಮಾಳಿಗೆ ಮೊಮ್ಮಗನ ಕಾಲಕ್ಕೆ ಇಮ್ಮಡಿ ಭಾರವಾಗಿರುತ್ತದೆ. ನೆಲ ಅಲುಗಿದಾಗ ಗೋಡೆಯ ಎರಡು ಸಾಲುಗಳು ಬೇರೆಬೇರೆಯಾಗಿ ಹೊಟ್ಟೆಯೊಡೆದವು. ಆ ಭಾರವೆಲ್ಲ ಮಲಗಿದವರ ಎದೆಯ ಮೇಲೆ ಬಿದ್ದಿತು.

ಬಂಧುಗಳೇ, ಈ ವರ್ಣನೆಯನ್ನು ಓದುತ್ತಿರುವಾಗ ನಿಮ್ಮ ಊರಿನ ಮನೆ ಕಣ್ಣೆದುರು ಬರಲಿಲ್ಲವೇ? ನಮಗಂತೂ ಬಂದಿತು. ಬಾಲ್ಯದಲ್ಲಿ ಮಳೆಗಾಲಕ್ಕೆ ಮೊದಲು ಬುಟ್ಟಿ ಬುಟ್ಟಿ ಮಣ್ಣನ್ನು ಮಾಳಿಗೆಗೆ ಹೊತ್ತವರಲ್ಲಿ ನಾವೂ ಒಬ್ಬರು. ನಮ್ಮ ಭಾಗದಲ್ಲಿ ಮಣ್ಣಿನ ಜೊತೆಗೆ ಶಹಾಬಾದಿನ ಫರಸಿಕಲ್ಲುಗಳ ಭಾರವೂ ಸೇರುವುದುಂಟು. ಮನೆ ತಂಪಾಗಿರಲಿ ಎಂಬ ಸದುದ್ದೇಶದಿಂದ ಮಾಡಿದ ಕೆಲಸವೇ ಮನೆಯವರ ಪ್ರಾಣಕ್ಕೆ ಎರವಾಗಬಹುದೆಂದು ಆಗ ಯಾರು ತಾನೆ ಬಲ್ಲರು!

ಕಿಲ್ಲಾರಿಯ ಕಥೆಯಲ್ಲಿ ಇನ್ನೂ ಒಂದು ಸಂಗತಿಯಿದೆ. ಮಹಾಕಂಪಕ್ಕೆ ಒಂದು ವರ್ಷ ಮೊದಲೇ, 1992ರಲ್ಲಿ, ಅಲ್ಲಿಯೂ ನೆಲದ ಸದ್ದುಗಳು, ಸಣ್ಣ ಸಣ್ಣ ನಡುಕಗಳು ತಿಂಗಳುಗಟ್ಟಲೆ ಕಾಣಿಸಿಕೊಂಡು ತಣ್ಣಗಾಗಿದ್ದವು. ದಖ್ಖಣದ ನೆಲ ಗಟ್ಟಿ, ಇಲ್ಲಿ ದೊಡ್ಡ ಭೂಕಂಪವಾಗದು ಎಂಬ ನಂಬಿಕೆ ಆಗ ವ್ಯಾಪಕವಾಗಿತ್ತು. ದೇಶದ ಅಂದಿನ ಭೂಕಂಪ ನಕ್ಷೆಯಲ್ಲಿ ಆ ಪ್ರದೇಶ ಅತ್ಯಂತ ಕಡಿಮೆ ಅಪಾಯದ ವಲಯದಲ್ಲಿತ್ತು. 2002ರ ನಕ್ಷೆಯಲ್ಲಿ ಅದನ್ನು ಮೂರನೆಯ ವಲಯಕ್ಕೆ ಏರಿಸಲಾಯಿತು. ಇದನ್ನು ಹೇಳುವಾಗ ನಾವು ಯಾರನ್ನೂ ಬೆದರಿಸುತ್ತಿಲ್ಲ. ಸಣ್ಣ ಕಂಪನಗಳು ಬಹುಪಾಲು ತಾವಾಗಿಯೇ ಶಾಂತವಾಗುತ್ತವೆ. ಹೆಚ್ಚು ಮಳೆಯಾದ ವರ್ಷ ನೀರು ಶಿಲೆಯ ಬಿರುಕುಗಳಲ್ಲಿ ಆಳಕ್ಕಿಳಿದು ಒತ್ತಡ ಬದಲಾದಾಗ ಇಂತಹ ನಡುಕಗಳು ಉಂಟಾಗಬಲ್ಲವೆಂದು ವಿಜ್ಞಾನಿಗಳು ವಿವರಿಸುತ್ತಾರೆ. ದೊಡ್ಡದು ಬರುವುದೋ ಇಲ್ಲವೋ ಯಾರೂ ಹೇಳಲಾರರು. ಆದ್ದರಿಂದಲೇ ಮನೆಯನ್ನು ಸರಿಪಡಿಸಿಕೊಳ್ಳುವುದು ವಿವೇಕ.

ಭೂಕಂಪ ಅಪರೂಪದ ಅತಿಥಿ. ನಮ್ಮ ಹಿರಿಯರನ್ನು ತಲೆಮಾರು ತಲೆಮಾರಿಗೆ ಕಾಡಿದ್ದು ಬರ. 1791-92ರ ಬರ ದಖ್ಖಣದಲ್ಲಿ ಎಷ್ಟು ಘೋರವಾಗಿತ್ತೆಂದರೆ, ಮಣ್ಣು ಮಾಡುವವರಿಲ್ಲದೆ ಬಯಲಲ್ಲಿ ಉಳಿದ ತಲೆಬುರುಡೆಗಳಿಂದಲೇ ಅದಕ್ಕೆ ಹೆಸರು ಬಂದಿತು. ಕಲಬುರಗಿಯ ಮಹಾದಾಸೋಹಿ ಶರಣಬಸವೇಶ್ವರರು (1746-1822) ಬಾಳಿದ್ದು ಅಂತಹ ಕಾಲದಲ್ಲಿ. ಅವರ ದಾಸೋಹವನ್ನು ನಾವು ಇಂದು ಭಕ್ತಿಯಿಂದ ನೆನೆಯುತ್ತೇವೆ; ಆದರೆ ಹಸಿವು ಬಾಗಿಲಲ್ಲಿ ನಿಂತಿದ್ದ ಕಾಲದಲ್ಲಿ ಅನ್ನ ನೀಡುವುದೆಂದರೆ ಏನೆಂಬುದನ್ನು ನೆನೆಯುವುದು ಕಡಿಮೆ.

1876ರಿಂದ 1878ರವರೆಗಿನ ಧಾತು ಸಂವತ್ಸರದ ಬರ ಮೈಸೂರು, ಮದರಾಸು, ಮುಂಬಯಿ ಪ್ರಾಂತ್ಯಗಳನ್ನೂ ನಿಜಾಮರ ಸೀಮೆಯನ್ನೂ ಸುಟ್ಟಿತು. ಐವತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರೆಂದು ಅಂದಾಜು. ವಿಚಿತ್ರವೆಂದರೆ ಆಗಲೇ ರೈಲು ಬಂದಿತ್ತು. ಮುಂಬಯಿಯಿಂದ ಬಂದ ಹಳಿ ಶಹಾಬಾದ್, ವಾಡಿಗಳ ಮೂಲಕ ರಾಯಚೂರಿಗೆ ಹೋಗಿತ್ತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹೊಸ ಮಾರ್ಗವೂ ತೆರೆದಿತ್ತು. ರೈಲು ಕಾಳು ತರಬಲ್ಲದು. ಬೆಲೆ ಹೆಚ್ಚಿರುವ ಕಡೆಗೆ ಕಾಳನ್ನು ಒಯ್ಯಲೂ ಬಲ್ಲದು. ಜನ ಸಾಯುತ್ತಿದ್ದ ಅದೇ ವರ್ಷಗಳಲ್ಲಿ ಈ ದೇಶದ ಗೋಧಿ ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಿತ್ತು. 1877ರ ಜನವರಿ 1ರಂದು ದೆಹಲಿಯಲ್ಲಿ ವೈಭವದ ದರ್ಬಾರೂ ನಡೆಯಿತು. ಮಳೆ ಕೈಕೊಟ್ಟದ್ದು ನಿಸರ್ಗ. ಕಾಳನ್ನು ಕಳುಹಿಸಿದ್ದು ಮನುಷ್ಯ.

1972ರ ಬರವನ್ನು ಕಂಡವರು ನಮ್ಮ ಓದುಗರಲ್ಲಿಯೇ ಇದ್ದಾರೆ. ಕಾಮಗಾರಿಗಳಲ್ಲಿ ಕಲ್ಲು ಒಡೆದು ಹೊಟ್ಟೆ ಹೊರೆದವರು, ಗುಳೆ ಹೋದವರು ಎಷ್ಟೋ ಮಂದಿ. ಆದರೂ 1876ರಂತೆ ಜನ ಬೀದಿಯಲ್ಲಿ ಸಾಯಲಿಲ್ಲ. ಕಾಳು ಹಂಚುವ ವ್ಯವಸ್ಥೆ, ದುಡಿಮೆ ಕೊಡುವ ಏರ್ಪಾಡುಗಳು ಅಷ್ಟಾದರೂ ಬೆಳೆದಿದ್ದವು. ನೆರೆಯ ಮಹಾರಾಷ್ಟ್ರದಲ್ಲಿ ಆ ಬರದಿಂದ ಬೆಳೆದ ಉದ್ಯೋಗ ಖಾತರಿಯ ವಿಚಾರವೇ 2005ರಲ್ಲಿ ಇಡೀ ದೇಶದ ಕಾಯಿದೆಗೆ ಮಾದರಿಯಾಯಿತು. ಬರ ಕಲಿಸಿದ ಪಾಠವನ್ನು ಕಲಿತರೆ ಜೀವ ಉಳಿಯುತ್ತದೆಂಬುದಕ್ಕೆ ಇದೊಂದು ಸಾಕ್ಷಿ. ಅದಕ್ಕೂ ಹಳೆಯ ಸಾಕ್ಷಿ ನಮ್ಮ ಮನೆಗಳ ಮುಂದಿದ್ದ ಹಗೇವುಗಳು. ನೆಲದಲ್ಲಿ ತೋಡಿದ ಆ ಕಣಜಗಳಲ್ಲಿ ಜೋಳ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಅವು ಕೇವಲ ಕಾಳಿನ ಗುಂಡಿಗಳಾಗಿರಲಿಲ್ಲ. ಬಾರದ ಮಳೆಯನ್ನು ನೆನಪಿಟ್ಟುಕೊಂಡ ಹಿರಿಯರ ಜಾಣ್ಮೆಯಾಗಿದ್ದವು.

ಇನ್ನು ನೀರಿನ ಮಾತು. ಅನಂತಗಿರಿ ಬೆಟ್ಟಗಳ ಸೀಮೆಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುವುದು ಮೂಸಿ. ಪಶ್ಚಿಮಕ್ಕೆ, ನಮ್ಮ ಕಡೆಗೆ, ಹರಿದು ಬರುವುದು ಕಾಗಿಣಾ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಹೈದರಾಬಾದನ್ನು ಕೊಚ್ಚಿತು. ಹದಿನೈದು ಸಾವಿರದಷ್ಟು ಜನ ಸತ್ತರೆನ್ನುತ್ತಾರೆ. ನಿಜಾಮರ ಸರ್ಕಾರ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರ ಸಲಹೆಯಂತೆ ಮೇಲ್ಭಾಗದಲ್ಲಿ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳೆಂಬ ಜಲಾಶಯಗಳಾದವು. ನೆರೆ ತಡೆಯಲೆಂದು ಕಟ್ಟಿದವು ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು.

ನಮ್ಮ ಕಾಗಿಣಾ ಸೇಡಂ, ಮಳಖೇಡಗಳನ್ನು ಹಾಯ್ದು, ಮುಲ್ಲಾಮಾರಿ, ಬೆಣ್ಣೆತೊರೆಗಳ ನೀರನ್ನೂ ಕೂಡಿಸಿಕೊಂಡು ಭೀಮೆಯನ್ನು ಸೇರುತ್ತದೆ. ರಾಷ್ಟ್ರಕೂಟರು ತಮ್ಮ ರಾಜಧಾನಿ ಮಾನ್ಯಖೇಟವನ್ನು ಕಟ್ಟಿದ್ದು ಇದೇ ನದಿಯ ದಂಡೆಯಲ್ಲಿ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಸುರಿದ ಮಳೆಗೆ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಬಹಳ ಮಂದಿಯ ಮೇಲೆ ಬಿದ್ದದ್ದು ನೆನೆದ ಮಣ್ಣಿನ ಗೋಡೆ. 2020ರ ಅಕ್ಟೋಬರ್ 13, 14ರಂದು ಹೈದರಾಬಾದನ್ನು ಮುಳುಗಿಸಿದ ಅದೇ ವಾಯುಭಾರ ಕುಸಿತ ನಮ್ಮಲ್ಲಿಯೂ ಸುರಿಯಿತು. ಕಾಗಿಣಾ ಉಕ್ಕಿ ಮಳಖೇಡದ ಸೇತುವೆ, ಮನೆ, ಮಠಗಳು ಜಲಾವೃತವಾದವು. 2025ರ ಸೆಪ್ಟೆಂಬರಿನಲ್ಲಿ ಭೀಮಾ, ಕಾಗಿಣಾಗಳು ಮತ್ತೆ ದಂಡೆ ಮೀರಿದವು. ಕೊಯ್ಲಿಗೆ ಬರಬೇಕಾಗಿದ್ದ ತೊಗರಿ ಹೊಲದಲ್ಲಿಯೇ ಕೊಳೆಯಿತು.

ಪ್ರತಿ ನೆರೆಯ ನಂತರವೂ "ಇಂತಹ ನೀರು ಹಿಂದೆಂದೂ ಕಂಡಿರಲಿಲ್ಲ" ಎಂಬ ಮಾತು ಕೇಳಿಬರುತ್ತದೆ. ಕಂಡವರಿದ್ದರು, ಆದರೆ ನೀರು ಎಲ್ಲಿಯವರೆಗೆ ಬಂದಿತ್ತೆಂದು ಯಾರೂ ಗುರುತು ಮಾಡಿಡಲಿಲ್ಲ. ಹಳ್ಳದ ಪಾತ್ರದಲ್ಲಿ ಮನೆಗಳೆದ್ದವು, ನಾಲೆಗಳು ಮುಚ್ಚಿದವು.

ನಿಸರ್ಗದ ಹಂಗಿಲ್ಲದೆ ನಾವೇ ತೋಡಿಕೊಂಡ ಅಪಾಯವೂ ಇಲ್ಲಿದೆ. ಸುಣ್ಣಕಲ್ಲು ಈ ಸೀಮೆಯ ಭಾಗ್ಯ. ಶಹಾಬಾದಿನ ಫರಸಿ ದೇಶದ ಉದ್ದಗಲಕ್ಕೂ ಹೋಗಿದೆ. ಸೇಡಂ, ಮಳಖೇಡ, ವಾಡಿಗಳ ಸಿಮೆಂಟು ನಗರಗಳನ್ನು ಕಟ್ಟಿದೆ. ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟಿದೆ. ಆದರೆ ಕಲ್ಲು ಮುಗಿದ ಮೇಲೆ ಬೇಲಿಯಿಲ್ಲದೆ ಬಿಟ್ಟ ಖಣಿಗಳಲ್ಲಿ ಮಳೆನೀರು ತುಂಬುತ್ತದೆ. ಬೇಸಿಗೆಯಲ್ಲಿ ಈಜಲಿಳಿದ ಹುಡುಗರು, ಬಟ್ಟೆ ಒಗೆಯಲು ಹೋದ ತಾಯಂದಿರು ಮರಳಿ ಬಾರದ ಮನೆಗಳು ನಮ್ಮ ನಡುವೆ ಇವೆ. ಭೂಕಂಪಕ್ಕೆ ಸಿಗುವ ಸುದ್ದಿ ಈ ಸಾವುಗಳಿಗೆ ಸಿಗುವುದಿಲ್ಲ. ಮಗನನ್ನು ಕಳೆದುಕೊಂಡ ತಾಯಿಗೆ ಎರಡೂ ಒಂದೇ.

2020ರ ಮಾರ್ಚ್ 10ರಂದು ಕೊರೋನಾದಿಂದ ದೇಶದ ಮೊದಲ ಸಾವು ಸಂಭವಿಸಿದ್ದು ನಮ್ಮ ಕಲಬುರಗಿಯವರೊಬ್ಬರದು. ಮುಂಬಯಿ, ಪುಣೆಗಳಿಗೆ ದುಡಿಯಲು ಹೋದವರು ಆ ಬೇಸಿಗೆಯಲ್ಲಿ ಊರಿಗೆ ಮರಳಿದಾಗ ಕೆಲವು ಊರುಗಳ ಬಾಗಿಲು ಅವರಿಗೆ ಮುಚ್ಚಿತ್ತು. ಅಂಜಿಕೆ ಸಹಜ. ಆದರೆ ಶರಣರ ಮಾರ್ಗದಲ್ಲಿ ನಡೆಯುವೆವೆನ್ನುವ ನಾವು, ದಣಿದು ಬಂದವರಿಗೆ ಶಾಲೆಯಲ್ಲಿ ಜಾಗ, ಹೊತ್ತಿಗೆ ರೊಟ್ಟಿ ಕೊಟ್ಟ ಊರುಗಳನ್ನು ಅನುಸರಿಸಬೇಕೇ ಹೊರತು ಬಾಗಿಲು ಮುಚ್ಚಿದವುಗಳನ್ನಲ್ಲ.

ಹಾಗಾದರೆ ಮಾಡಬೇಕಾದುದೇನು? ಎಲ್ಲವನ್ನೂ ಸರ್ಕಾರದ ಮೇಲೆ ಹಾಕಿ ಕೈತೊಳೆದುಕೊಳ್ಳುವುದು ಸುಲಭ. ನಾವು ಮನೆತನಗಳ ಮಟ್ಟದಲ್ಲಿ ಮಾಡಬಹುದಾದ ಕೆಲವನ್ನು ಮಾತ್ರ ಸೂಚಿಸುತ್ತೇವೆ. ಮೊದಲನೆಯದು, ಈ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಹೊಸ ಮಣ್ಣು ಹಾಕುವ ಮೊದಲು ಹಳೆಯ ಮಣ್ಣನ್ನು ಇಳಿಸಿರಿ. ಎರಡನೆಯದು, ಕಲ್ಲಿನ ಗೋಡೆ ಕಟ್ಟಿಸುವಾಗ ಒಳಹೊರ ಸಾಲುಗಳನ್ನು ಹಿಡಿದಿಡುವ ಅಡ್ಡಗಲ್ಲುಗಳನ್ನು ಇಡಿಸಿರಿ. ಬಾಗಿಲ ಮೇಲ್ಮಟ್ಟದಲ್ಲಿ ಮನೆಯ ಸುತ್ತಲೂ ಕಬ್ಬಿಣದ ಸರಳು ಹಾಕಿದ ಕಾಂಕ್ರೀಟಿನ ಪಟ್ಟಿ ಕಟ್ಟಿಸಿರಿ. ಮದುವೆಯ ಒಂದು ಪಂಕ್ತಿಯ ಖರ್ಚಿನಲ್ಲಿ ಇದಾಗುತ್ತದೆ. ಮೂರನೆಯದು, ನದಿ ಹಳ್ಳಗಳ ದಂಡೆಯ ಊರುಗಳಲ್ಲಿ ನೆರೆಯ ನೀರು ಮುಟ್ಟಿದ ಎತ್ತರವನ್ನು ಮಠದ ಅಥವಾ ಶಾಲೆಯ ಗೋಡೆಯ ಮೇಲೆ ಇಸವಿಯೊಂದಿಗೆ ಬರೆಸಿರಿ. ಆ ಗೆರೆಯ ಕೆಳಗೆ ಮನೆ ಕಟ್ಟುವವರನ್ನು ತಡೆಯಿರಿ. ನಾಲ್ಕನೆಯದು, ಊರ ಸಮೀಪದ ಪಾಳು ಖಣಿಗಳಿಗೆ ಬೇಲಿ ಹಾಕಿಸುವಂತೆ ಗ್ರಾಮಸಭೆಯಲ್ಲಿ ಒತ್ತಾಯಿಸಿರಿ. ಕಡೆಯದಾಗಿ, ತುರ್ತು ಕರೆಯ 112, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077 ಈ ಎರಡು ಸಂಖ್ಯೆಗಳು ಮನೆಯ ಮಕ್ಕಳಿಗೂ ಬಾಯಿಪಾಠವಾಗಿರಲಿ.

ಪೂಜ್ಯ ಸ್ವಾಮಿಗಳಲ್ಲಿಯೂ ನಮ್ಮದೊಂದು ಬಿನ್ನಹವಿದೆ. ಶ್ರಾವಣಮಾಸದಲ್ಲಿ ತಿಂಗಳುದ್ದಕ್ಕೂ ಪ್ರವಚನ ನಡೆಯುತ್ತದೆ, ಊರೇ ನೆರೆಯುತ್ತದೆ. ಅದರಲ್ಲಿ ಒಂದು ಸಂಜೆಯ ಅರ್ಧ ಗಂಟೆಯನ್ನು ಇದಕ್ಕೆ ಮೀಸಲಿಡಲಿ. ಬರ ನೆರೆಗಳನ್ನು ಕಂಡ ಹಿರಿಯರು ಮಾತನಾಡಲಿ, ಮನೆ ಕಟ್ಟುವ ಗೌಂಡಿಗಳು ಮುಂದೆ ಕುಳಿತು ಕೇಳಲಿ. ಜೀವ ಉಳಿಸುವ ಕಾಯಕವೂ ಕಾಯಕವೇ. ಆಪತ್ತಿನಲ್ಲಿ ಹಂಚುವ ಕಾಳಿನಷ್ಟೇ ಆಪತ್ತಿಗೆ ಮುನ್ನ ಹಂಚುವ ತಿಳಿವಳಿಕೆಯೂ ದಾಸೋಹವೇ.

ಗಡಿಕೇಶ್ವಾರದ ನೆಲ ಮುಂದೆ ಎಂದಾದರೂ ಮತ್ತೆ ಗುಡುಗಬಹುದು, ಗುಡುಗದಿರಬಹುದು. ಆ ವೃದ್ಧ ತಾಯಿಯ ಮೊಮ್ಮಕ್ಕಳು ಮಾತ್ರ ತಮ್ಮ ಮನೆಯ ಮಾಳಿಗೆಯ ಕೆಳಗೆ ನಿಶ್ಚಿಂತೆಯಿಂದ ನಿದ್ರಿಸುವಂತಾಗಲಿ. ಅಷ್ಟು ಮಾಡುವುದು ನಮ್ಮ ಕೈಯಲ್ಲಿದೆ.