ತನ್ನ ಬಿರುಕನ್ನು ತಾನೇ ಮುಚ್ಚುವ ಗಾರೆ



ಈಚೆಗೆ ಹಳ್ಳಿಯೊಂದರ ಸದ್ಭಕ್ತರು ಬರೆದ ಪತ್ರವೊಂದು ನಮ್ಮ ಕೈಸೇರಿತು. ತಮ್ಮೂರ ಹಳೆಯ ಮಠದ ಗೋಡೆಗಳು ಅಲ್ಲಲ್ಲಿ ಬಿರಿದಿವೆಯೆಂದೂ, ಸುಣ್ಣದ ಗಾರೆ ಉದುರುತ್ತಿದೆಯೆಂದೂ, ಎಲ್ಲವನ್ನೂ ಕೆಡವಿ ಕಾಂಕ್ರೀಟಿನ ಕಟ್ಟಡ ಎಬ್ಬಿಸಬೇಕೆಂದು ಕೆಲವರೂ ಬೇಡವೆಂದು ಕೆಲವರೂ ವಾದಿಸುತ್ತಿರುವರೆಂದೂ ತಿಳಿಸಿ, ನಮ್ಮ ಅಭಿಪ್ರಾಯವನ್ನು ಕೇಳಿದ್ದಾರೆ. ಊರು ಎರಡು ಪಂಗಡವಾಗುವ ಭಯವೂ ಆ ಪತ್ರದ ಸಾಲುಗಳ ನಡುವೆ ಕಾಣುತ್ತಿತ್ತು.

ನಾವು ಮಠದಲ್ಲಿ ಕಲಿತದ್ದು ವ್ಯಾಕರಣವನ್ನು, ವಚನಶಾಸ್ತ್ರವನ್ನು, ಕಟ್ಟಡ ವಿದ್ಯೆಯನ್ನಲ್ಲ. ಆದರೆ ಈ ವಿಷಯದಲ್ಲಿ ಕಳೆದ ಕೆಲವು ವರ್ಷಗಳಿಂದ ನಡೆದಿರುವ ವೈಜ್ಞಾನಿಕ ಸಂಶೋಧನೆಗಳನ್ನು ಆಸಕ್ತಿಯಿಂದ ಓದುತ್ತ ಬಂದಿದ್ದೇವೆ. ಇದೇ ವಿಷಯದಲ್ಲಿ ಹಿಂದೆ ನಮ್ಮಿಂದ ಆದ ಪ್ರಮಾದವೊಂದೂ ಇದೆ. ಎರಡನ್ನೂ ಮುಂದಿಟ್ಟರೆ ಪತ್ರ ಬರೆದವರಿಗಷ್ಟೇ ಅಲ್ಲ, ಹಳೆಯ ಮನೆಯುಳ್ಳ ಎಲ್ಲ ಕುಟುಂಬಗಳಿಗೂ ಉಪಯೋಗವಾದೀತು.

ಇಟಲಿಯ ರೋಮ್ ನಗರದಲ್ಲಿ ಪ್ಯಾಂಥಿಯನ್ ಎಂಬ ಪುರಾತನ ದೇವಾಲಯವಿದೆ. ಕ್ರಿ.ಶ. 2ನೆಯ ಶತಮಾನದಲ್ಲಿ, ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ ಅದು ಪೂರ್ಣಗೊಂಡಿತು. ಅದರ ಗುಮ್ಮಟದ ವ್ಯಾಸ ಸುಮಾರು 43 ಮೀಟರು. ಒಳಗೆ ಕಬ್ಬಿಣದ ಸರಳುಗಳಿಲ್ಲ. ಸರಳಿಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಜಗತ್ತಿನಲ್ಲಿಯೇ ಅದು ಇಂದಿಗೂ ದೊಡ್ಡದು. ಸುಣ್ಣ, ಕಲ್ಲುಚೂರು ಮತ್ತು ನೇಪಲ್ಸ್ ಸೀಮೆಯಲ್ಲಿ ದೊರೆಯುವಂಥ ಜ್ವಾಲಾಮುಖಿಯ ಬೂದಿ, ಇವೇ ರೋಮನ್ನರ ಕಾಂಕ್ರೀಟಿನ ಮುಖ್ಯ ಸಾಮಗ್ರಿಗಳು. ನಾವು ಕಣ್ಣಾರೆ ಕಂಡ ಎಷ್ಟೋ ಕಾಂಕ್ರೀಟ್ ಕಟ್ಟಡಗಳು ನಮಗಿಂತ ಮೊದಲೇ ಮುಪ್ಪಾಗಿರುವಾಗ, ಎರಡು ಸಾವಿರ ವರ್ಷಗಳ ಸಮೀಪಕ್ಕೆ ಬಂದಿರುವ ಈ ಕಟ್ಟಡ ಹೇಗೆ ನಿಂತಿದೆ ಎಂಬ ಪ್ರಶ್ನೆ ಏಳುವುದು ಸಹಜ.

ರೋಮನ್ ಗಾರೆಯ ತುಂಡನ್ನು ಒಡೆದರೆ ಅದರೊಳಗೆ ಕೆಲವು ಮಿಲಿಮೀಟರು ಗಾತ್ರದ ಬಿಳಿಯ ಹರಳುಗಳು ಕಾಣುತ್ತವೆ. ಇವು ಸರಿಯಾಗಿ ಕಲಸದೆ ಉಳಿದ ಸುಣ್ಣದ ಗಂಟುಗಳು, ಕೆಲಸದವರ ಅಲಕ್ಷ್ಯದ ಗುರುತು ಎಂದೇ ಬಹುಕಾಲ ತಿಳಿಯಲಾಗಿತ್ತು. ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಅಡ್ಮಿರ್ ಮಾಸಿಕ್ ಅವರಿಗೆ ಈ ವಿವರಣೆ ಒಪ್ಪಿಗೆಯಾಗಲಿಲ್ಲ. ಸಾಮಗ್ರಿಯನ್ನು ಅಷ್ಟೊಂದು ಶ್ರದ್ಧೆಯಿಂದ ಆಯ್ದ ಜನರು ಕಲಸುವಾಗ ಮಾತ್ರ ಅಶ್ರದ್ಧೆ ತೋರಿದರೆಂದರೆ ನಂಬುವುದೆಂತು? ಅವರೂ ಅವರ ಸಹೋದ್ಯೋಗಿಗಳೂ ಇಟಲಿಯ ಪ್ರಿವರ್ನಮ್ ಎಂಬ ಪ್ರಾಚೀನ ಪಟ್ಟಣದ ಕೋಟೆಗೋಡೆಯಿಂದ ಗಾರೆಯ ಮಾದರಿಗಳನ್ನು ತಂದು ಪರೀಕ್ಷಿಸಿ, 2023ರ ಜನವರಿಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು.

ಅವರು ಕಂಡುಕೊಂಡದ್ದು ಇಷ್ಟು. ರೋಮನ್ನರು ಅರಳಿದ ಸುಣ್ಣವನ್ನಷ್ಟೇ ಬಳಸಲಿಲ್ಲ; ಸುಟ್ಟ ಸುಣ್ಣವನ್ನೇ ನೇರವಾಗಿ ಬೂದಿಯೊಡನೆ ಬೆರೆಸಿ ನೀರು ಹಾಕುತ್ತಿದ್ದರು. ಸುಟ್ಟ ಸುಣ್ಣಕ್ಕೆ ನೀರು ತಾಗಿದರೆ ಕುದಿಯುವಷ್ಟು ಕಾವೇಳುವುದನ್ನು ನಮ್ಮ ಹಿರಿಯರೆಲ್ಲ ಕಂಡಿದ್ದಾರೆ. ಆ ಕಾವಿನಲ್ಲಿ ಕಲಸಿದ ಗಾರೆಯೊಳಗೆ ಸುಣ್ಣದ ಹರಳುಗಳು ಅಲ್ಲಲ್ಲಿ ಉಳಿದುಕೊಳ್ಳುತ್ತವೆ. ಮುಂದೆ ಗೋಡೆ ಬಿರಿದಾಗ ಬಿರುಕು ಈ ಮೆದು ಹರಳುಗಳ ಮೂಲಕವೇ ಹಾಯುತ್ತದೆ. ಮಳೆಯ ನೀರು ಒಳಹೊಕ್ಕು ಹರಳಿನ ಸುಣ್ಣವನ್ನು ಕರಗಿಸುತ್ತದೆ. ಕರಗಿದ ಸುಣ್ಣ ಮತ್ತೆ ಸುಣ್ಣಕಲ್ಲಾಗಿ ಗಟ್ಟಿಗೊಂಡು ಬಿರುಕನ್ನು ತುಂಬುತ್ತದೆ. ಇದು ಕೇವಲ ಊಹೆಯಾಗಿ ಉಳಿಯಲಿಲ್ಲ. ಅದೇ ಕ್ರಮದಲ್ಲಿ ಹೊಸ ಕಾಂಕ್ರೀಟ್ ತಯಾರಿಸಿ, ಬೇಕೆಂದೇ ಬಿರುಕುಗೊಳಿಸಿ, ನೀರು ಹರಿಯಬಿಟ್ಟು ನೋಡಿದರು. ಅರ್ಧ ಮಿಲಿಮೀಟರಿನಷ್ಟು ಬಿರುಕು ಎರಡು ವಾರಗಳಲ್ಲಿ ಮುಚ್ಚಿಕೊಂಡು ನೀರು ನಿಂತಿತು. ಸುಟ್ಟ ಸುಣ್ಣವಿಲ್ಲದ ತುಂಡಿನ ಬಿರುಕು ಮುಚ್ಚಲೇ ಇಲ್ಲ.

ಇಲ್ಲಿ ಪಂಡಿತರಾದವರು ಗಮನಿಸಬೇಕಾದ ಸಂಗತಿಯೊಂದಿದೆ. ಕ್ರಿ.ಪೂ. 1ನೆಯ ಶತಮಾನದ ವಿಟ್ರೂವಿಯಸ್ ಎಂಬ ರೋಮನ್ ವಾಸ್ತುತಜ್ಞನು ತನ್ನ ಗ್ರಂಥದಲ್ಲಿ ವಿವರಿಸಿರುವುದು ಸುಣ್ಣವನ್ನು ಮೊದಲು ಅರಳಿಸಿಕೊಂಡು ಕಲಸುವ ಕ್ರಮವನ್ನು. ಹಾಗಾದರೆ ಯಾವುದು ನಿಜ? ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಪೊಂಪೇ ನಗರ ಬೂದಿಯಲ್ಲಿ ಹೂತುಹೋಯಿತು. ಆ ನಗರದಲ್ಲಿ ಅರ್ಧಕ್ಕೆ ನಿಂತ ಕಟ್ಟಡದ ಕೆಲಸವೊಂದು ಈಚಿನ ಉತ್ಖನನದಲ್ಲಿ ಹಾಗೆಯೇ ದೊರೆಯಿತು. ಅಲ್ಲಿ ಸುಟ್ಟ ಸುಣ್ಣವನ್ನೂ ಬೂದಿಯನ್ನೂ ನೀರು ಹಾಕುವ ಮೊದಲೇ ಒಣದಾಗಿ ಬೆರೆಸಿಟ್ಟಿದ್ದ ರಾಶಿಯ ಕುರುಹು ಸಿಕ್ಕಿತೆಂದು ಮಾಸಿಕ್ ಅವರ ತಂಡ 2025ರ ಡಿಸೆಂಬರಿನಲ್ಲಿ ವರದಿ ಮಾಡಿದೆ. ಗ್ರಂಥದಲ್ಲಿ ಬಾರದ ಕ್ರಮ ಕಾಯಕದವನ ಕೈಯಲ್ಲಿ ಇತ್ತು. ಈ ಮಾತು ನಮ್ಮನ್ನು ಚುಚ್ಚಿದ್ದೇಕೆಂಬುದನ್ನು ಮುಂದೆ ನಿವೇದಿಸುತ್ತೇವೆ.

ಬಿರುಕು ತಾನೇ ಮುಚ್ಚುವಂತೆ ಮಾಡಲು ಇಂದಿನ ವಿಜ್ಞಾನಿಗಳು ಬೇರೆ ದಾರಿಗಳನ್ನೂ ಹುಡುಕಿದ್ದಾರೆ. ಹಾಲೆಂಡಿನ ಡೆಲ್ಫ್ಟ್ ತಂತ್ರಜ್ಞಾನ ವಿಶ್ವವಿದ್ಯಾಲಯದ ಹೆಂಕ್ ಯೋಂಕರ್ಸ್ ಎಂಬುವರು ಕಾಂಕ್ರೀಟಿನೊಳಗೆ ಒಂದು ಬಗೆಯ ಸೂಕ್ಷ್ಮಜೀವಿಗಳನ್ನೂ ಅವುಗಳಿಗೆ ಆಹಾರವನ್ನೂ ಸೇರಿಸಿದರು. ಬೀಜರೂಪದಲ್ಲಿ ನಿದ್ರಿಸುವ ಆ ಜೀವಿಗಳು ಬಿರುಕಿನಿಂದ ನೀರು ಒಳಬಂದಾಗ ಎಚ್ಚೆತ್ತು, ಆಹಾರವನ್ನು ಬಳಸಿ ಸುಣ್ಣಕಲ್ಲನ್ನು ಉಂಟುಮಾಡುತ್ತವೆ.

ಇಷ್ಟೆಲ್ಲ ಪ್ರಯತ್ನ ಏತಕ್ಕೆಂದು ಓದುಗರು ಕೇಳಬಹುದು. ಸಿಮೆಂಟನ್ನು ಸುಮಾರು 1450 ಡಿಗ್ರಿ ಕಾವಿನ ಕುಲುಮೆಯಲ್ಲಿ ತಯಾರಿಸಬೇಕು. ಉರಿಸುವ ಇಂಧನದಿಂದ ಮಾತ್ರವಲ್ಲ, ಬೇಯುವ ಸುಣ್ಣಕಲ್ಲಿನೊಳಗಿನಿಂದಲೂ ಇಂಗಾಲಾಮ್ಲ ಹೊರಬೀಳುತ್ತದೆ. ಮನುಷ್ಯರು ವಾತಾವರಣಕ್ಕೆ ಸೇರಿಸುವ ಇಂಗಾಲಾಮ್ಲದಲ್ಲಿ ನೂರಕ್ಕೆ ಸುಮಾರು 8 ಪಾಲು ಸಿಮೆಂಟಿನದೇ. ಕಟ್ಟಡದ ಆಯುಷ್ಯ ಹೆಚ್ಚಿದಷ್ಟೂ ಮತ್ತೆ ಮತ್ತೆ ಕಟ್ಟುವ ಹೊರೆ ತಗ್ಗುತ್ತದೆ. ಈ ಹೊರೆಯನ್ನು ಇಳಿಸಲು ಸ್ವಿಟ್ಜರ್‌ಲೆಂಡಿನ ಲೊಸಾನ್, ಕ್ಯೂಬಾ, ನಮ್ಮ ದೆಹಲಿ ಮತ್ತು ಮದ್ರಾಸ್ ಐ.ಐ.ಟಿ.ಗಳ ವಿಜ್ಞಾನಿಗಳು ಕೂಡಿ ಹೊಸದೊಂದು ಸಿಮೆಂಟನ್ನು ರೂಪಿಸಿದ್ದಾರೆ. ಸುಮಾರು 800 ಡಿಗ್ರಿಯಲ್ಲಿ ಸುಟ್ಟ ಜೇಡಿಮಣ್ಣನ್ನೂ ಸುಡದ ಸುಣ್ಣಕಲ್ಲಿನ ಪುಡಿಯನ್ನೂ ಬೆರೆಸಿ ಮಾಡುವ ಇದರಿಂದ ಇಂಗಾಲಾಮ್ಲ ನೂರಕ್ಕೆ 40ರಷ್ಟು ಕಡಿಮೆಯಾಗಬಲ್ಲದು. ಭಾರತೀಯ ಮಾನಕ ಬ್ಯೂರೋ 2023ರಲ್ಲಿ ಇದಕ್ಕೆ ಮಾನಕವನ್ನೂ ಗೊತ್ತುಪಡಿಸಿದೆ. ಸುಟ್ಟ ಮಣ್ಣಿನ ಪುಡಿ ಎಂದೊಡನೆ ನಮ್ಮವರಿಗೆ ಸುರ್ಕಿ ನೆನಪಾಗಬೇಕು. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಬೆಸೆದಿರುವುದು ಸುಣ್ಣ-ಸುರ್ಕಿಯ ಗಾರೆಯೇ.

ಇನ್ನು ನಮ್ಮ ಪ್ರಮಾದದ ಮಾತು. ಇಪ್ಪತ್ತೈದು ವರ್ಷಗಳ ಹಿಂದೆ, ನಾವು ಸೇವೆಯಲ್ಲಿದ್ದ ಮಠವೊಂದರ ಪುಸ್ತಕ ಭಂಡಾರದ ಗೋಡೆಯ ಗಾರೆ ಉದುರತೊಡಗಿತ್ತು. ಸಿಮೆಂಟಿನ ಗಿಲಾವು ಮಾಡಿಸೋಣವೆಂದು ಸಲಹೆಯಿತ್ತವರು ನಾವೇ. ಕೆಲಸಕ್ಕೆ ಬಂದಿದ್ದ ವೃದ್ಧ ಗೌಂಡಿಯೊಬ್ಬರು ಗೋಡೆಯ ಮೇಲೆ ಅಂಗೈ ಇಟ್ಟು, “ಶಾಸ್ತ್ರಿಗಳ್ರೀ, ಈ ಗ್ವಾಡಿ ಉಸರಾಡತೈತ್ರಿ. ಸಿಮೆಂಟ ಬಡದ್ರ ಅದರ ಉಸರ ಕಟ್ಟತೈತಿ, ಬ್ಯಾಡ್ರಿ” ಎಂದರು. ಗೋಡೆ ಉಸಿರಾಡುವುದು ಯಾವ ಶಾಸ್ತ್ರದಲ್ಲಿದೆ ಎಂದು ನಾವು ನಕ್ಕೆವು. ಅವರು ಮರುಮಾತನಾಡದೆ ಹೇಳಿದ ಕೆಲಸವನ್ನು ಮಾಡಿಹೋದರು.

ಮೂರು ಮಳೆಗಾಲ ಕಳೆದವು. ಗೋಡೆ ಹೊರಗಿನಿಂದ ನುಣ್ಣಗೇ ಇತ್ತು. ಒಳಗೆ ಗೂಡುಗಳಲ್ಲಿ ಇರಿಸಿದ್ದ ಓಲೆಗರಿಯ ಕಟ್ಟುಗಳನ್ನು ಒಂದು ದಿನ ತೆಗೆದಾಗ ಒಂದು ಕಟ್ಟಿನ ಗರಿಗಳು ಒಂದಕ್ಕೊಂದು ಅಂಟಿ ಬೂಸಲು ಹಿಡಿದಿದ್ದವು, ಬಿಡಿಸಹೋದರೆ ಪುಡಿಯಾದವು. ಅದರ ಬೇರೊಂದು ಪ್ರತಿ ನಮಗೆ ಇಂದಿಗೂ ದೊರೆತಿಲ್ಲ. ಸುಣ್ಣದ ಗಾರೆಯ ಸೂಕ್ಷ್ಮ ರಂಧ್ರಗಳಿಂದ ನೆಲದ ಪಸೆ ಆವಿಯಾಗಿ ಹೋಗುತ್ತದೆ, ಒತ್ತಾದ ಸಿಮೆಂಟಿನ ಗಿಲಾವು ಆ ದಾರಿಯನ್ನು ಮುಚ್ಚುತ್ತದೆ, ಪಸೆ ಗೋಡೆಯೊಳಗೇ ಮೇಲೇರುತ್ತದೆ ಎಂಬುದನ್ನು ಎಂಜಿನಿಯರರೊಬ್ಬರು ನಮಗೆ ಆಮೇಲೆ ವಿವರಿಸಿದರು. ಗೌಂಡಿ ಹೇಳಿದ್ದೂ ಅದನ್ನೇ. ಕ್ಷಮೆ ಕೇಳೋಣವೆಂದು ವಿಚಾರಿಸಿದಾಗ ಅವರು ಲಿಂಗೈಕ್ಯರಾಗಿದ್ದರು. ಕಾಯಕದ ಹಿರಿಮೆಯನ್ನು ಕುರಿತು ನೂರಾರು ಸಭೆಗಳಲ್ಲಿ ಉಪನ್ಯಾಸ ಮಾಡಿದ ನಾವು, ಕಾಯಕದವರೊಬ್ಬರು ಎದುರಿಗೆ ನಿಂತು ಹೇಳಿದ್ದನ್ನು ಕೇಳಲಿಲ್ಲ.

ಹಾಗೆಂದು ಹಿಂದಿನವರಿಗೆ ಎಲ್ಲವೂ ತಿಳಿದಿತ್ತೆಂದು ಬೀಗುವುದೂ ಸಲ್ಲದು. ರೋಮನ್ನರ ಬೂದಿ ನಮ್ಮಲ್ಲಿಲ್ಲ. ಸುಣ್ಣವನ್ನು ಅರಳಿಸಿ, ಎತ್ತಿನ ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿಯ ರಸ ಕೂಡಿಸುತ್ತಿದ್ದ ನಮ್ಮವರ ಕ್ರಮವೇ ಬೇರೆ. ಬಿದ್ದುಹೋದ ಹಳೆಯ ಕಟ್ಟಡಗಳು ಲೆಕ್ಕಕ್ಕೆ ಬಾರದೆ, ನಿಂತವು ಮಾತ್ರ ಕಣ್ಣಿಗೆ ಬೀಳುತ್ತವೆ. ಬಹುಮಹಡಿಯ ಕಟ್ಟಡಕ್ಕೆ, ದೊಡ್ಡ ಸೇತುವೆಗೆ ಸಿಮೆಂಟು, ಉಕ್ಕು ಬೇಕೇ ಬೇಕು.

ಆದುದರಿಂದ ಪತ್ರ ಬರೆದ ಸದ್ಭಕ್ತರಲ್ಲಿ ನಮ್ಮ ಅರಿಕೆ ಇದು. ಕೆಡವುವ ಮೊದಲು ಹಳೆಯ ಕಟ್ಟಡಗಳ ಅನುಭವವುಳ್ಳ ಎಂಜಿನಿಯರರಿಂದ ಪರೀಕ್ಷೆ ಮಾಡಿಸಿರಿ. ಬಿರುಕಿನ ಮೂಲ ಆಲದ ಬೇರೋ, ಬುಡದಲ್ಲಿ ನಿಲ್ಲುವ ನೀರೋ, ಕುಸಿದ ತಳಪಾಯವೋ ಎಂಬುದನ್ನು ತಿಳಿಯಿರಿ. ಕೂದಲೆಳೆಯ ಬಿರುಕಿಗೂ ಗೋಡೆ ವಾಲಿದ ಬಿರುಕಿಗೂ ಔಷಧ ಒಂದೇ ಅಲ್ಲ. ಗೋಡೆ ಗಟ್ಟಿಯಿದ್ದರೆ ಸುಣ್ಣದ ಗಾರೆಯಿಂದಲೇ ದುರಸ್ತಿ ಮಾಡಿಸಿರಿ. ಅಪಾಯವಿದೆಯೆಂದು ಪರೀಕ್ಷೆಯಲ್ಲಿ ತಿಳಿದರೆ, ಮಕ್ಕಳು ಕೂಡುವ ಸ್ಥಳವಾದುದರಿಂದ, ಮಮತೆಯನ್ನು ಬದಿಗಿಟ್ಟು ಇಳಿಸಿರಿ. ನಿಮ್ಮ ಸೀಮೆಯಲ್ಲಿ ಗಾರೆಯ ಕೆಲಸ ಬಲ್ಲ ಹಿರಿಯರು ಒಬ್ಬರಾದರೂ ಉಳಿದಿದ್ದರೆ ಅವರನ್ನು ಸಭೆಗೆ ಕರೆದು, ಮೊದಲ ಮಾತನ್ನು ಅವರಿಂದಲೇ ಆಡಿಸಿರಿ.

ಸ್ಥಾವರ ಜಂಗಮಗಳ ವಿಚಾರವನ್ನು ಶರಣರಿಂದ ಕಲಿತವರು ನಾವು. ಗೋಡೆ ಎಷ್ಟು ಗಟ್ಟಿಯಾದರೂ ಒಂದು ದಿನ ಹೋಗತಕ್ಕದ್ದೇ. ಅದನ್ನು ಕಟ್ಟುವ ಅರಿವು ಮಾತ್ರ ಕೈಯಿಂದ ಕೈಗೆ ನಡೆದುಬಂದರೆ ಉಳಿಯುತ್ತದೆ. ಗೋಡೆಯ ನಿಮಿತ್ತ ಊರಿನಲ್ಲಿ ಬಿದ್ದಿರುವ ಬಿರುಕನ್ನೂ ಸದ್ಭಕ್ತರು ಮೊದಲು ಮುಚ್ಚಿಕೊಳ್ಳಲಿ ಎಂದು ಹಾರೈಸುತ್ತೇವೆ.