ಪೆಟ್ಟಿಗೆಯ ಮುಂದೆ ಹೆಣ್ಣು ಯಾಕಿಲ್ಲ?

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕಡೆಯ ಯಾವುದಾದರೊಂದು ‘ಕುರುಕ್ಷೇತ್ರ’ ನಾಟಕದ ಕರಪತ್ರ ತೆಗೆದು ನೋಡಿ. ದುರ್ಯೋಧನ, ಕೃಷ್ಣ, ಭೀಮನ ವೇಷ ಹಾಕುವ ಊರಿನ ಗಂಡಸರ ಹೆಸರು, ಫೋಟೊ. ‘ಸ್ತ್ರೀ ಪಾತ್ರಗಳಲ್ಲಿ’ ಎಂದು ಹೊರಗಿನಿಂದ ಕರೆಸಿದ ಕಲಾವಿದೆಯರು. ‘ನಿರ್ದೇಶನ ಮತ್ತು ಹಾರ್ಮೋನಿಯಂ’ ಎಂಬ ಸಾಲಿನಲ್ಲಿ ಮೇಷ್ಟ್ರು. ಸಂಶೋಧನೆಗೆಂದು ಈ ನಾಲ್ಕು ತಾಲ್ಲೂಕುಗಳಲ್ಲಿ ಓಡಾಡುವಾಗ ನನ್ನ ಕೈಗೆ ಸಿಕ್ಕ ಕರಪತ್ರಗಳಲ್ಲಿ ಆ ಒಂದು ಸಾಲಿನಲ್ಲಿ ಹೆಣ್ಣಿನ ಹೆಸರು ಕಾಣಲೇ ಇಲ್ಲ.

‘ಹೆಣ್ಣುಮಕ್ಕಳು ರಂಗಕ್ಕೆ ಬಂದಾಯಿತಲ್ಲ, ಇನ್ನೇನು?’ ಎಂದು ನಮ್ಮ ವಿಚಾರ ಸಂಕಿರಣಗಳು ಬೀಗುತ್ತವೆ. ಇದು ಅರ್ಧ ಸತ್ಯ. ಪೌರಾಣಿಕ ನಾಟಕದ ಅಧಿಕಾರ ಇರುವುದು ಕಿರೀಟದಲ್ಲಲ್ಲ, ಪೆಟ್ಟಿಗೆಯಲ್ಲಿ. ತಿಂಗಳುಗಟ್ಟಲೆ ಮಟ್ಟು ಕಲಿಸುವವರು, ಶ್ರುತಿ ಹಿಡಿಸುವವರು, ತಪ್ಪಿದರೆ ಗದರುವವರು ಮೇಷ್ಟ್ರು. ನಾಟಕದ ರಾತ್ರಿ ಹಾಡು ಎತ್ತಿಕೊಡುವುದೂ ಅವರೇ. ದ್ರೌಪದಿ ಎಷ್ಟೇ ಗಟ್ಟಿಯಾಗಿ ಪ್ರಶ್ನೆ ಕೇಳಲಿ, ಅವಳ ಶ್ರುತಿ ಗೊತ್ತುಮಾಡುವ ಬೆರಳು ಗಂಡಸಿನದು.

ಹೆಂಗಸರಿಗೆ ಇದು ಆಗುವುದಿಲ್ಲ ಎನ್ನುವವರಿಗೆ ಉತ್ತರ ನಮ್ಮ ಕಣ್ಣೆದುರಿಗೇ ಇತ್ತು. ಆರ್. ನಾಗರತ್ನಮ್ಮ 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಕಂಸ, ರಾವಣ, ದುರ್ಯೋಧನರಾಗಿ ಗರ್ಜಿಸಿದರು. 2012ರಲ್ಲಿ ಪದ್ಮಶ್ರೀ ಬಂತು. ಬೆಂಗಳೂರಿನ ಸುಕನ್ಯಾ ರಾಮಗೋಪಾಲ್ ಗಂಡಸರದೇ ಎನ್ನುತ್ತಿದ್ದ ಘಟವನ್ನು ಮಡಿಲಿಗೆಳೆದುಕೊಂಡು ಬಾರಿಸಿದರು. ಹೆಣ್ಣುಮಕ್ಕಳದೇ ‘ಸ್ತ್ರೀ ತಾಳ ತರಂಗ’ವನ್ನು ಕಟ್ಟಿದರು. ಗದೆ ಎತ್ತಿದ ಕೈಗೆ, ಘಟ ಬಾರಿಸಿದ ಕೈಗೆ ಹಾರ್ಮೋನಿಯಂ ಭಾರವಾಗುತ್ತದೆಯೇ?

ಇನ್ನೊಂದು ವಾದ ಹೆಚ್ಚು ನಯವಾದದ್ದು: ‘ಅಭ್ಯಾಸ ರಾತ್ರಿ ಹೊತ್ತು ನಡೆಯುತ್ತೆ, ಹೆಣ್ಣುಮಗಳು ಹೇಗೆ ಬರ್ತಾಳೆ?’ ಸರಿ. ಹಾಗಾದರೆ ದ್ರೌಪದಿ, ಕುಂತಿ ಪಾತ್ರಕ್ಕೆ ಕರೆಸುವ ಕಲಾವಿದೆ ಯಾವ ಹೊತ್ತಿಗೆ ಬರುತ್ತಾಳೆ? ಬಸ್ಸು ಹತ್ತಿ ಬಂದು, ಬೆಳಗಿನ ಜಾವದವರೆಗೆ ನಿಂತು ಹಾಡಿ, ಬಣ್ಣ ತೊಳೆದುಕೊಂಡು ಮತ್ತೆ ಬಸ್ ಸ್ಟ್ಯಾಂಡಿಗೆ ಹೋಗುತ್ತಾಳೆ. ಅವಳ ರಾತ್ರಿಯ ಬಗ್ಗೆ ಇಲ್ಲದ ಕಾಳಜಿ ಪೆಟ್ಟಿಗೆಯ ಮಾತು ಬಂದ ಕೂಡಲೇ ಹುಟ್ಟುವುದಾದರೆ, ಅದು ಕಾಳಜಿಯಲ್ಲ, ಕಾವಲು.

1940ರಲ್ಲಿ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂ ಅನ್ನೇ ನಿಷೇಧಿಸಿತ್ತು, ಸಡಿಲಿಸಿದ್ದು 1971ರಲ್ಲಿ. ಅದು ಆದೇಶವಾಗಿದ್ದರಿಂದ ಅದರ ವಿರುದ್ಧ ವಾದಿಸಬಹುದಿತ್ತು. ನಮ್ಮೂರುಗಳ ನಿಷೇಧಕ್ಕೆ ಆದೇಶವೇ ಇಲ್ಲ, ಹಾಗಾಗಿ ಹಿಂತೆಗೆದುಕೊಳ್ಳುವವರೂ ಇಲ್ಲ.

ತಪ್ಪು ಮೇಷ್ಟ್ರುಗಳದ್ದು ಮಾತ್ರವಲ್ಲ. ಎಷ್ಟೋ ಮೇಷ್ಟ್ರು ಅಲ್ಪ ಸಂಭಾವನೆಗೆ ಇಡೀ ಊರಿಗೆ ರಾಗ ಕಲಿಸಿದವರು. ಅವರ ಋಣ ದೊಡ್ಡದು. ತಪ್ಪು ನಮ್ಮಂಥ ಸಂಶೋಧಕರದ್ದೂ ಹೌದು. ಕಲಾವಿದೆಯರ ಮುಂದೆ ರೆಕಾರ್ಡರ್ ಇಟ್ಟು ನಾನು ಕೇಳಿದ್ದೆಲ್ಲ ಕಷ್ಟ, ಕಣ್ಣೀರು, ಸಂಸಾರದ ಮಾತು. ‘ಅಮ್ಮಾ, ನಿಮ್ಮ ಶ್ರುತಿ ಎಷ್ಟು? ಅದನ್ನು ಯಾರು ಇಟ್ಟರು? ಪೆಟ್ಟಿಗೆ ನುಡಿಸಲು ಬರುತ್ತದೆಯೇ?’ ಎಂದು ಒಮ್ಮೆಯೂ ಕೇಳಲಿಲ್ಲ. ಅವರನ್ನು ನೊಂದವರೆಂದು ಬರೆದುಕೊಂಡೆ, ಸಂಗೀತ ಬಲ್ಲವರೆಂದು ಬರೆದುಕೊಳ್ಳಲಿಲ್ಲ.

ಗೀತನಾಟಕಗಳನ್ನು ಬರೆದ ಪು.ತಿ.ನ. ಅವರ ಮೇಲುಕೋಟೆ ಇರುವುದು ಪಾಂಡವಪುರ ತಾಲ್ಲೂಕಿನಲ್ಲೇ. ಇಂಥ ನೆಲದಲ್ಲಿ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ರಂಗ ತರಬೇತಿ ಶಿಬಿರಗಳಲ್ಲಿ ಹುಡುಗಿಯರಿಗೆ ಅಭಿನಯದ ಜೊತೆ ಹಾರ್ಮೋನಿಯಂ ಕಲಿಸಲಿ. ಸರ್ಕಾರದ ಹಣ ಪಡೆಯುವ ನಾಟಕೋತ್ಸವಗಳು ನುಡಿಸುವ ಹೆಣ್ಣುಮಕ್ಕಳನ್ನೂ ಕರೆಯಲಿ. ಮೇಷ್ಟ್ರುಗಳು ಮಗನಿಗೆ ಕಲಿಸಿದ್ದನ್ನು ಮಗಳಿಗೂ ಕಲಿಸಲಿ.

‘ಅವಳನ್ನ ಏನಂತ ಕರೆಯೋದು? ಮೇಷ್ಟ್ರು ಅನ್ನೋಕಾಗುತ್ತಾ?’ ಎಂದು ಒಬ್ಬರು ನಕ್ಕರು. ಊರಿನ ಶಾಲೆಗೆ ಮೊದಲ ಟೀಚರಮ್ಮ ಬಂದಾಗ ಹೆಸರು ತಾನಾಗಿ ಹುಟ್ಟಿತ್ತು. ಇಲ್ಲೂ ಹುಟ್ಟುತ್ತದೆ. ಮೊದಲು ಆಕೆಗೆ ಕೂರಲು ಜಾಗ ಬಿಡಿ.